ಬೆಂಡಿನ ಮಾಸ್ತರ

ಅವರ ಎಡಗಾಲಿನ ಚಪ್ಪಲಿ ಸಪ್ಪಳ ಮಾಡುತ್ತಿರಲಿಲ್ಲ. ಬಲಗಾಲಿನದು ನೆಲಕ್ಕೆ ಬಡಿದು ಟಪ್ ಎನ್ನುತ್ತಿತ್ತು, ಎಡಗಾಲಿನದು ಬೆಕ್ಕಿನ ಹಾಗೆ ಬಂದು ಅದರ ಪಕ್ಕಕ್ಕೆ ಕೂಡುತ್ತಿತ್ತು. ಹುಟ್ಟಿನಿಂದಲೇ ಆ ಕಾಲು ಎರಡು ಬೆರಳಿನಷ್ಟು ಗಿಡ್ಡ. ಆ ಕೊರತೆ ತುಂಬಲು ಚಪ್ಪಲಿಯ ಅಡಿಗೆ ದಪ್ಪನೆಯ ಬೆಂಡಿನ ತುಂಡನ್ನು ಅವರೇ ಕೊರೆದು ಅಂಟಿಸಿಕೊಂಡಿದ್ದರು. ಬೆಳಗಾವಿಯ ವಡಗಾವಿಯಲ್ಲಿ ನಮ್ಮ ಓಣಿಯ ಮಗ್ಗದ ಗದ್ದಲ ಬೆಳಗಿನಿಂದ ಸಂಜೆಯವರೆಗೆ ನಿಲ್ಲುತ್ತಿರಲಿಲ್ಲ. ಅದರ ನಡುವೆಯೂ ಒಂದು ಕಾಲು ಮಾತಾಡಿ ಒಂದು ಕಾಲು ಸುಮ್ಮನಿರುವ ಆ ನಡಿಗೆ ಕಿವಿಗೆ ಬಿದ್ದರೆ ನಾವು ಮಕ್ಕಳೆಲ್ಲ ಟವೆಲ್ಲು ಹುಡುಕಲು ಓಡುತ್ತಿದ್ದೆವು.

ಮಾಸ್ತರ ಎಂದರೆ ಯಾವ ಸಾಲಿಯ ಮಾಸ್ತರರೂ ಅಲ್ಲ. ವಾರವೆಲ್ಲ ಉದ್ಯಮಬಾಗದ ಒಂದು ಸಣ್ಣ ಕಾರ್ಖಾನೆಯಲ್ಲಿ ನೀರೆತ್ತುವ ಪಂಪುಗಳಿಗೆ ಕಾರ್ಕಿನ ಹಾಳೆಯಿಂದ, ಸಂದಿಯಲ್ಲಿ ನೀರು ಸೋರದಂತೆ ತಡೆಯುವ ಗ್ಯಾಸ್ಕೆಟ್ ಕತ್ತರಿಸುತ್ತಿದ್ದರು. ಭಾನುವಾರ ಮಾತ್ರ ಓಣಿಯ ಹಿಂದಿನ ತೋಟದ ಬಾವಿಯಲ್ಲಿ ಮಕ್ಕಳಿಗೆ ಈಸು ಕಲಿಸುತ್ತಿದ್ದರು. ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಬಾವಿ ಇರುವ ಓಣಿಯಲ್ಲಿ ಈಸು ಬಾರದ ಮಕ್ಕಳಿರಬಾರದು ಎಂಬುದೊಂದು ಹಟ ಅವರಿಗೆ. ಹೆಣ್ಣುಮಕ್ಕಳೂ ಕಲಿಯಬೇಕು ಎಂದು ಮನೆ ಮನೆಗೆ ಹೋಗಿ ಜಗಳ ಮಾಡಿ, ನಮಗಾಗಿ ಬೆಳಗಿನ ಮೊದಲ ಹೊತ್ತನ್ನು ಬೇರೆ ಇಟ್ಟಿದ್ದರು. ನಮ್ಮಪ್ಪನ ಮುಂದೆ ಕೂತು, "ನೀರು ಗಂಡು ಹೆಣ್ಣು ನೋಡಿ ಮುಳಗಸ್ತೈತೇನ್ರಿ?" ಎಂದು ಕೇಳಿದ್ದು ನನಗಿನ್ನೂ ನೆನಪಿದೆ. ಮುಂದಿನ ಭಾನುವಾರ ಅಪ್ಪನೇ ನನ್ನನ್ನು ಬಾವಿಯವರೆಗೆ ಕರೆದುಕೊಂಡು ಬಂದ. ಹಾಗಾಗಿ ನಾನು ಈಸು ಕಲಿತೆ.

ನಮ್ಮ ಕಡೆ ನೀರಿನಲ್ಲಿ ತೇಲುವ ಹಗುರಾದುದಕ್ಕೆಲ್ಲ ಬೆಂಡು ಅನ್ನುತ್ತಾರೆ. ಮಾಸ್ತರರದು ಖರೇ ಕಾರ್ಕ್. ಹಳೆಯ ಐಸ್ ಫ್ಯಾಕ್ಟರಿಯೊಂದನ್ನು ಒಡೆದಾಗ, ತಂಪು ಹೊರಗೆ ಹೋಗದಂತೆ ಗೋಡೆಯೊಳಗೆ ಕೂಡಿಸಿದ್ದ ಕಾರ್ಕಿನ ಹಲಗೆಗಳು ಗುಜರಿಗೆ ಬಂದಿದ್ದವಂತೆ. ಅವನ್ನು ಕೈಗಾಡಿಯಲ್ಲಿ ಹೇರಿಕೊಂಡು ಬಂದಿದ್ದರು. ಅವರ ಮನೆಯಲ್ಲಿ ಎಲ್ಲಿ ನೋಡಿದರೂ ಅದೇ. ಹೊಲಿಗೆ ಮಿಷನ್ನಿನ ಕಾಲಡಿ ಬೆಂಡು, ಬಿಸಿ ಪಾತ್ರೆ ಇಳಿಸಲು ಬೆಂಡು, ಎಣ್ಣೆ ಬಾಟಲಿಗೆ ಬೆಂಡಿನ ಬಿರಡೆ, ಸೂಜಿ ಚುಚ್ಚಿಡಲು ಗೋಡೆಗೊಂದು ತುಂಡು. ಬಾವಿಗೆ ಬೀಳಬಹುದಾದ ಎಲ್ಲ ಕೀಲಿಕೈಗಳಿಗೂ ಒಂದೊಂದು ಬೆಂಡಿನ ಗುಂಡು ಕಟ್ಟಿರುತ್ತಿದ್ದರು. ಸಾಲಿಯ ಗ್ಯಾದರಿಂಗಿನ ನಾಟಕಕ್ಕೆ ನಮಗೆ ರಾಯಣ್ಣನ ಮೀಸೆ ಬೇಕಾದರೆ ಅವರಲ್ಲಿಗೇ ಹೋಗಬೇಕಿತ್ತು. ಬೆಂಡನ್ನು ದೀಪಕ್ಕೆ ಹಿಡಿದು ಸುಟ್ಟು, ಆರಿಸಿ, ಆ ಕಪ್ಪಿನಲ್ಲಿ ಮೀಸೆ ಬರೆದು, "ಹೂಂ, ಈಗ ನಗಬ್ಯಾಡ, ಮೀಸಿ ಉದರ್ತಾವ" ಎನ್ನುತ್ತಿದ್ದರು.

ನೀರಿಗಿಳಿಸುವ ಮೊದಲು ಒಂದು ಬಕೀಟಿನ ಪಾಠ. ಬೆಂಡಿನ ತುಂಡೊಂದನ್ನು ಬಕೀಟಿನ ತಳದವರೆಗೆ ಹೆಬ್ಬೆರಳಿನಿಂದ ಒತ್ತಿ ಹಿಡಿದು, ನಮ್ಮ ಕೈಗೆ ಕೊಟ್ಟು, "ಬಿಡು" ಎನ್ನುತ್ತಿದ್ದರು. ಅದು ಪುಟಿದು ಮೇಲೆ ಬಂದು, ಅರ್ಧಕ್ಕಿಂತ ಹೆಚ್ಚು ಮೈಯನ್ನು ನೀರಿನಿಂದ ಹೊರಗೆ ಇಟ್ಟುಕೊಂಡು ಕೂರುತ್ತಿತ್ತು. ಎತ್ತಿ ಒರೆಸಿದರೆ ಒಳಗೆ ಒಂದು ಹನಿಯೂ ಇಳಿದಿರುತ್ತಿರಲಿಲ್ಲ. "ನೋಡು, ನೀರು ಇದನ್ನ ಒಲ್ಲೆ ಅಂತೈತಿ," ಎನ್ನುವರು. "ನಿನ್ನ ಹಂಗ ಅನ್ನಂಗಿಲ್ಲ. ಬಾ ಬಾ ಅಂತೈತಿ. ಅದಕ್ಕ ಒಲ್ಲೆ ಅನ್ನೂದನ್ನ ನೀನ ಕಲೀಬೇಕು."

ಅವರು ಕಲಿಸುವ ರೀತಿಯೇ ಬೇರೆ. ಸಣ್ಣ ತಟ್ಟೆಯಷ್ಟು ಅಗಲದ ಬೆಂಡಿನ ಬಿಲ್ಲೆಗಳನ್ನು ಒಂದು ಗಟ್ಟಿ ಹುರಿಗೆ ದಾರದಿಂದ ಸಾಲಾಗಿ ಕಟ್ಟಿ ಮಕ್ಕಳ ನಡುವಿಗೆ ಸುತ್ತುತ್ತಿದ್ದರು. ನಾವು ಅದಕ್ಕೆ ಬೆಂಡಿನ ಉಡದಾರ ಎನ್ನುತ್ತಿದ್ದೆವು. ಪ್ರತಿ ಮಗುವಿಗೆ ಒಂದು ಉಡದಾರ, ಅವೆಲ್ಲ ಸದಾ ತೆರೆದಿರುತ್ತಿದ್ದ ಅವರ ಪಡಸಾಲೆಯ ಗೂಟಗಳಿಗೆ ತೂಗುತ್ತಿದ್ದವು. ಮಗು ನೀರಿಗೆ ಹೊಂದಿಕೊಂಡ ಹಾಗೆ ಒಂದೊಂದೇ ಬಿಲ್ಲೆಯನ್ನು ಬೆನ್ನಿನ ಕಡೆಯಿಂದ ಕಳಚುತ್ತಿದ್ದರು. ಮಗುವಿಗೆ ಹೇಳುತ್ತಿರಲಿಲ್ಲ, ಮನೆಯವರಿಗೂ ಹೇಳುತ್ತಿರಲಿಲ್ಲ. ಯಾವುದನ್ನು ಯಾವಾಗ ಕಳಚಬೇಕು ಎಂಬುದು ಅವರಿಗೆ ಮಾತ್ರ ಗೊತ್ತು. ಕೊನೆಯ ಬಿಲ್ಲೆಯ ಸರದಿ ಬಂದಾಗ ಮಾತ್ರ ಆ ಮನೆಯ ಬಾಗಿಲಿಗೆ ಬಂದು, "ನಾಳಿ ಸಕ್ರಿ ತರ್ರಿ" ಎಂದು ಅಷ್ಟೇ ಹೇಳಿ ಹೋಗುತ್ತಿದ್ದರು. ಮರುದಿನ ಮಗು ಈಸಿ ದಂಡೆಗೆ ಬಂದ ಮೇಲೆ ಬರಿಯ ಹುರಿಯನ್ನು ಬಿಚ್ಚಿ ಅದರ ಕೈಗಿಡುತ್ತಿದ್ದರು. ಓಣಿಗೆಲ್ಲ ಸಕ್ಕರೆ ಹಂಚಿಕೆ.

ನನ್ನ ಕೈಗೆ ಆ ಹುರಿ ಬಂದಾಗ ನಾನು ಖುಷಿಪಡಲಿಲ್ಲ, ಸಿಟ್ಟಿಗೆದ್ದೆ. ಎಷ್ಟು ದಿನದಿಂದ ಮೋಸ ಮಾಡಿದ್ದೀರಿ ಎಂದು ಅತ್ತೆ. ಮಾಸ್ತರ ಬಾವಿಯ ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. "ಹೇಳಿದ್ರ ನೀ ಮುಳಗ್ತಿದ್ದಿ ಹುಚ್ಚಿ," ಎಂದರು.

ಈ ಸಕ್ಕರೆಯ ಮೇಲೆ ಓಣಿಯ ದೊಡ್ಡವರಿಗೆ ಚಟ ಹತ್ತಿತ್ತು. ಯಾರ ಮನೆಗೆ ಮೊದಲು, ಯಾರ ಮನೆಗೆ ಆಮೇಲೆ ಎಂಬ ಲೆಕ್ಕ. ಮಕ್ಕಳಿಗಿಲ್ಲದ ಅವಸರ ಅಪ್ಪಂದಿರಿಗೆ. ಅವರಲ್ಲಿ ಎಲ್ಲರಿಗಿಂತ ಮುಂದೆ ನಮ್ಮ ಕಾಕಾ, ಅಪ್ಪನ ತಮ್ಮ. ನಾವೆಲ್ಲ ಒಂದೇ ಮನೆಯಲ್ಲಿದ್ದೆವು. ಕಾಕಾನಿಗೆ ಒಬ್ಬನೇ ಮಗ, ನನಗಿಂತ ಚಿಕ್ಕವನು, ಬೆಳ್ಳಗೆ, ಸಣಕಲ, ಎಲ್ಲದಕ್ಕೂ ಹೆದರುವ ಹುಡುಗ. ಎದುರುಮನೆಯ ಹುಡುಗನ ಸಕ್ಕರೆ ಹಂಚಿ ಆಗಿತ್ತು, ಇವನ ನಡುವಿನಲ್ಲಿ ಇನ್ನೂ ಐದು ಬಿಲ್ಲೆ. ಚಹಾದಂಗಡಿಯಲ್ಲಿ ಯಾರೋ ಇದೇ ಮಾತಿಗೆ ಚಾಷ್ಟಿ ಮಾಡಿ ನಕ್ಕರಂತೆ. ಕಾಕಾ ಮಾಸ್ತರರನ್ನು ತಡೆದು ಕೇಳಿದ. ಮಾಸ್ತರ, "ಅಂವಾ ಇನ್ನೂ ಬೆಂಡಿನ ಮ್ಯಾಲ ನಂಬಿಗಿ ಇಟ್ಟಾನ್ರಿ, ನೀರಿನ ಮ್ಯಾಲ ಇಟ್ಟಿಲ್ಲ. ತಡೀರಿ," ಎಂದರು. ತಡೆಯುವುದು ನಮ್ಮ ಕಾಕಾನ ಜಾತಕದಲ್ಲೇ ಇರಲಿಲ್ಲ. ಇಷ್ಟಕ್ಕೂ ಆ ಮನುಷ್ಯನಿಗೆ ಸ್ವತಃ ಈಸು ಬರುತ್ತಿರಲಿಲ್ಲ.

ಒಂದು ಭಾನುವಾರ ಮಾಸ್ತರರು ಖಾನಾಪುರಕ್ಕೆ ಹೋದರು. ಅದು ಅವರ ಊರು, ಅಲ್ಲಿ ತಂಗಿಯ ಮಗಳ ನಿಶ್ಚಯವಿತ್ತು. ತಾನಿಲ್ಲದಾಗ ಯಾರೂ ನೀರಿಗೆ ಇಳಿಯಬಾರದು ಎಂದು ಹಿಂದಿನ ದಿನವೇ ಮನೆ ಮನೆಗೆ ಹೇಳಿ ಹೋಗಿದ್ದರು. ಅಂದು ಬೆಳಿಗ್ಗೆ ನಾನು ಹಿತ್ತಲಿಗೆ ಹೋದರೆ ಕಾಕಾ ಮೆಟ್ಟಿಲ ಮೇಲೆ ಕೂತು, ಮಗನ ಉಡದಾರವನ್ನು ತೊಡೆಯ ಮೇಲಿಟ್ಟುಕೊಂಡು, ದಾಡಿಯ ಬ್ಲೇಡಿನಿಂದ ಬಿಲ್ಲೆಗಳ ದಾರ ಕಡಿಯುತ್ತಿದ್ದ.

"ಏನ ಮಾಡಾಕತ್ತೀರಿ ಕಾಕಾ?" ಎಂದೆ.

"ಮಾಸ್ತರ ಹೇಳ್ಯಾರ, ಮೂರು ತಗೀರಿ ಅಂತ. ನೀ ಹೋಗು."

ಮಾಸ್ತರ ಹೇಳಿದ್ದಾರೆ ಎಂದ ಮೇಲೆ, ಅಂದು ಯಾರೂ ನೀರಿಗಿಳಿಯುವುದೂ ಇಲ್ಲ ಎಂದ ಮೇಲೆ, ನನಗೇನು ಅನುಮಾನ? ಅವ್ವನ ಜೊತೆ ಕಾಯಿಪಲ್ಲೆ ತರಲು ಪ್ಯಾಟಿಗೆ ಹೋದೆ. ನಾವು ತಿರುಗಿ ಬರುವಷ್ಟರಲ್ಲಿ ಓಣಿಯ ಮಗ್ಗಗಳೆಲ್ಲ ನಿಂತಿದ್ದವು. ಅಷ್ಟು ನಿಶ್ಶಬ್ದವಾದ ವಡಗಾವಿಯನ್ನು ನಾನು ಎಂದೂ ಕೇಳಿರಲಿಲ್ಲ. ಕಾಕಾ ಗೆಳೆಯರನ್ನು ಕರೆದುಕೊಂಡು ಹೋಗಿ, ಮೆಟ್ಟಿಲಿನಿಂದ ಇಳಿಸುವುದು ಬಿಟ್ಟು, ಕಟ್ಟೆಯ ಮೇಲಿಂದ ಮಗನನ್ನು ಜಿಗಿಸಿದ್ದ. ಹುಡುಗ ಗಾಬರಿಯಲ್ಲಿ ನೀರು ಕುಡಿದು ಒದ್ದಾಡಿದ. ಉಳಿದ ಎರಡು ಬಿಲ್ಲೆಗಳು ಅವನನ್ನು ಹಿಡಿಯಲಿಲ್ಲ. ಕಾಕಾ ಮತ್ತು ಅವನ ಹಾಗೆಯೇ ಈಸು ಬಾರದ ಗೆಳೆಯರು ದಂಡೆಯ ಮೇಲೆ ನಿಂತು ಕೂಗುತ್ತಿದ್ದರಂತೆ. ಮಗ್ಗ ಬಿಟ್ಟು ಓಡಿಬಂದ ಯಾರೋ ಜಿಗಿದು ಹುಡುಗನನ್ನು ಮೇಲೆ ತಂದಾಗ ಎಲ್ಲ ಮುಗಿದಿತ್ತು.

ಇಲ್ಲಿಯವರೆಗಿನದನ್ನು ಒಬ್ಬ ಅವಿವೇಕಿ ತಂದೆಯ ದುರ್ದೈವ ಎಂದು ನಾನು ಒಪ್ಪಿಕೊಂಡೇನು. ಮುಂದಿನದನ್ನು ಒಪ್ಪಲಾರೆ. ಉಡದಾರದಲ್ಲಿ ಎರಡೇ ಬಿಲ್ಲೆ ಯಾಕಿದ್ದವು ಎಂದು ಜನ ಕೇಳಿದಾಗ ಕಾಕಾ ಹೇಳಿದ: "ಗೂಟದ ಮ್ಯಾಲ ಹೆಂಗಿತ್ತೋ ಹಂಗ ಕಟ್ಟೀನಿ. ಮಾಸ್ತರ ಕಡದಿಟ್ಟ ಹೋಗ್ಯಾನ, ನನಗೇನ ಗೊತ್ತು?" ಎಲ್ಲರೂ ನಂಬಿದರು. ಯಾರೂ ನೀರಿಗಿಳಿಯಬಾರದೆಂದು ಮಾಸ್ತರ ಹೇಳಿ ಹೋದದ್ದನ್ನು ಮಗ ಸತ್ತ ತಂದೆಯ ಮುಂದೆ ಯಾರೂ ಎತ್ತಲಿಲ್ಲ. ಯಾಕೆ ನಂಬಬಾರದು? ಮಾಸ್ತರ ಹೇಳದೆ ಕೇಳದೆ ಬಿಲ್ಲೆ ಕಳಚುತ್ತಾರೆಂದು ಓಣಿಯ ಕೂಸಿಗೂ ಗೊತ್ತಿತ್ತು. ಅದೇ ಗುಟ್ಟಿಗೆ ಸಕ್ಕರೆ ತಿಂದ ಬಾಯಿಗಳು ಅದೇ ಗುಟ್ಟನ್ನು ಸಾಕ್ಷಿ ಮಾಡಿಕೊಂಡವು.

ಮಂದಿ ಮಾಸ್ತರರ ಪಡಸಾಲೆಗೆ ನುಗ್ಗಿ ಗೂಟದ ಮೇಲಿದ್ದ ಉಡದಾರಗಳನ್ನೆಲ್ಲ ಎಳೆದು ತಂದು ಬಾವಿಗೆ ಎಸೆದರು. ಎಸೆದವು ಮುಳುಗಲಿಲ್ಲ. ಕಲ್ಲು ಹೊಡೆದರು, ಉದ್ದನೆಯ ಗಳದಿಂದ ಕೆಳಗೆ ದಬ್ಬಿದರು. ದಬ್ಬಿದ ಕಡೆ ಹೋಗಿ ಇನ್ನೊಂದು ಕಡೆ ಮೇಲೆ ಬಂದವು. ಆ ಸಿಟ್ಟಿನಲ್ಲಿ ಮಂದಿ ಇನ್ನಷ್ಟು ಹುಚ್ಚರಾದರು. ಕೊನೆಗೆ ಎಲ್ಲವನ್ನೂ ಮೇಲಕ್ಕೆಳೆದು ಸೀಮೆಎಣ್ಣೆ ಸುರಿದು ಸುಟ್ಟರು.

ಬೆಂಕಿ ಇನ್ನೂ ಉರಿಯುತ್ತಿರುವಾಗ ಮಾಸ್ತರ ಖಾನಾಪುರದ ಬಸ್ಸಿಳಿದು ಬಂದರು. ನಿಶ್ಚಯದ ಮನೆಯಿಂದ ಬಂದವರು, ಹಣೆಯ ಮೇಲೆ ಇನ್ನೂ ಕುಂಕುಮವಿತ್ತು. ಕಾಕಾ ಓಡಿಹೋಗಿ ಕೊರಳಪಟ್ಟಿ ಹಿಡಿದ. ಯಾರೋ ಸತ್ತ ಹುಡುಗನ ಉಡದಾರವನ್ನು ಅವರ ಮುಖಕ್ಕೆ ಎಸೆದರು. ಮಾಸ್ತರ ಅದನ್ನು ಹಿಡಿದು ನೋಡಿದರು. ಅವರು ನೇಕಾರರ ಮನೆಯವರು, ಎಂಥ ಗಂಟನ್ನೂ ಉಗುರಿನಿಂದ ಬಿಚ್ಚುವವರು, ಒಂದು ದಿನವೂ ದಾರ ಕಡಿದವರಲ್ಲ. ಅಲ್ಲಿ ಬ್ಲೇಡು ಕಡಿದ ಮೂರು ಮೊಂಡು ದಾರಗಳು ಎದ್ದು ನಿಂತಿದ್ದವು. ಅವುಗಳ ಮೇಲೆ ಹೆಬ್ಬೆರಳಾಡಿಸಿ, ಅವರು ತಲೆ ಎತ್ತಿ ಕಾಕಾನ ಮುಖ ನೋಡಿದರು. ಕೊರಳಪಟ್ಟಿಯ ಮೇಲಿನ ಕಾಕಾನ ಕೈ ಸಡಿಲಾದದ್ದನ್ನು ನಾನು ಕಂಡೆ. ಆಮೇಲೆ ಮಾಸ್ತರ ನಮ್ಮ ಕಟ್ಟೆಯ ಕಡೆ ನೋಡಿದರು. ಅಲ್ಲಿ ಕಾಕು, ಕಾಕಾನ ಹೆಂಡತಿ, ಮಗನ ಅಂಗಿಯನ್ನು ಎದೆಗೊತ್ತಿಕೊಂಡು ಕೂತಿದ್ದಳು.

"ನಾ ಊರಾಗ ಇರಬೇಕಿತ್ತು," ಎಂದರು ಮಾಸ್ತರ. ಅಷ್ಟೇ.

ಓಣಿಗೆ ಅದೇ ಸಾಕಾಯಿತು. ತಪ್ಪೊಪ್ಪಿಕೊಂಡ ಎಂದರು. ನಾನು ಅವ್ವನಿಗೆ ಬಾಗಿಲ ಹಿಂದೆಯೇ ಹೇಳಿದೆ, ಕಾಕಾ ಕಡಿದದ್ದು, ನಾನು ಕಂಡದ್ದು. ಅವಳು ನನ್ನ ಬಾಯಿ ಮುಚ್ಚಿದಳು. ಅಪ್ಪನಿಗೆ ಹೇಳಿದೆ. ಅಪ್ಪ ಜೀವನದಲ್ಲಿ ನನ್ನನ್ನು ಹೊಡೆದದ್ದು ಅದೊಂದೇ ಸಲ. "ಮನಿ ಮಾತು ಮನ್ಯಾಗ ಇರಲಿ. ನಿಮ್ಮ ಕಾಕು ಇದ ಮನ್ಯಾಗ ಬಾಳೇ ಮಾಡಬೇಕು," ಎಂದ. ಪೊಲೀಸರು ಬಂದು ಆಕಸ್ಮಿಕ ಎಂದು ಬರೆದುಕೊಂಡು ಹೋದರು. ಒಂದು ವಾರದೊಳಗೆ ಮಾಸ್ತರರ ಮನೆಗೆ ಬೀಗ ಬಿತ್ತು.

ಮುಂದೆ ನಾನು ಫಾರ್ಮಸಿ ಓದಿ, ಖಾನಾಪುರದ ದವಾಖಾನೆಯಲ್ಲಿ ಗುಳಿಗೆ ಕೊಡುವ ಕಿಟಕಿಯ ಹಿಂದೆ ಕೂತೆ. ಒಂದು ದಿನ ಚೀಟಿ ಬರೆಯುತ್ತಿದ್ದಾಗ ವರಾಂಡದಲ್ಲಿ ಆ ನಡಿಗೆ ಕೇಳಿಸಿತು. ಮುಖ ನೋಡುವ ಮೊದಲೇ ಎದ್ದು ನಿಂತೆ. ರಕ್ತದೊತ್ತಡದ ಗುಳಿಗೆಗೆ ಬಂದಿದ್ದರು. ಕೂದಲೆಲ್ಲ ಬಿಳಿ. ಹಂಚಿನ ಕಾರ್ಖಾನೆಯೊಂದರಲ್ಲಿ ಕಾವಲು ಕೆಲಸ, ತಂಗಿಯ ಮನೆಯಲ್ಲಿ ಊಟ. ನನ್ನ ಗುರುತು ಹಿಡಿದು ಅವರು ಕೇಳಿದ ಮೊದಲ ಮಾತು: "ಕಾಕು ಆರಾಮ ಅದಾಳಿಲ್ಲೋ?"

ಆಮೇಲೆ ತಿಂಗಳು ತಿಂಗಳು ಬಂದರು, ತಿಂಗಳು ತಿಂಗಳು ಅದನ್ನೇ ಕೇಳಿದರು. ಮಲಪ್ರಭೆ ಅವರ ಮನೆಯಿಂದ ಕೂಗಳತೆ. ಆದರೆ ಅವರು ನೀರಿಗೆ ಕಾಲಿಟ್ಟದ್ದನ್ನು ಯಾರೂ ಕಂಡಿರಲಿಲ್ಲ. ಬೆಳಗಾವಿಯಿಂದ ಖಾನಾಪುರಕ್ಕೆ ಬಸ್ಸು ಬೇಕಾದಷ್ಟು, ಮಾತಿಗೆ ಟಿಕೀಟೂ ಬೇಡ. ಅವರು ಬಂದ ಬೆನ್ನಿಗೇ ಸುದ್ದಿಯೂ ಬಂದಿತ್ತು. ಒಮ್ಮೆ ದವಾಖಾನೆಯ ಬಾಕಿನ ಮೇಲೆ ಪಕ್ಕದಲ್ಲಿದ್ದ ಕೂಸಿಗೆ ಅವರು ಹುಬ್ಬು ಕುಣಿಸಿ ನಗಿಸುತ್ತಿದ್ದರು. ಅದರ ತಾಯಿ ಬಂದು, ಅವರು ಯಾರೆಂದು ನೋಡಿ, ಕೂಸನ್ನು ಎತ್ತಿಕೊಂಡು ಆಚೆ ತುದಿಗೆ ಹೋಗಿ ಕೂತಳು. ಮಾಸ್ತರ ಕೈಯಲ್ಲಿದ್ದ ಚೀಟಿಯನ್ನು ಮಡಚುತ್ತ ಬಿಚ್ಚುತ್ತ ಕೂತರು. ನನಗೆ ಆ ತಾಯಿಯ ಮೇಲೆ ಸಿಟ್ಟು ಬರಲಿಲ್ಲ. ವಡಗಾವಿಯ ನಮ್ಮ ಮನೆಯ ಮೇಲೆ ಬಂತು.

ಅಂದು ಅವರನ್ನು ಚಹಾಕ್ಕೆ ಕರೆದೊಯ್ದು ಕೇಳಿಯೇ ಬಿಟ್ಟೆ. "ದಾರ ಕಡದಿದ್ದು ನಿಮಗ ಗೊತ್ತಾಗಿತ್ತು. ಅಂದ ಯಾಕ ಹೇಳಲಿಲ್ರಿ?"

ಅವರು ಚಹಾದ ಕಪ್ಪನ್ನು ಪಕ್ಕಕ್ಕೆ ಸರಿಸಿದರು. "ಆ ತಾಯಿ ಮಗನ್ನ ಕಳಕೊಂಡ ಕುಂತಿದ್ಲು. ನಾ ಬಾಯಿ ಬಿಟ್ಟಿದ್ರ ಗಂಡನ್ನೂ ಕಳಕೋತಿದ್ಲು. ಆಮ್ಯಾಲ ಆಕಿ ಯಾರ ಮಾರಿ ನೋಡಿ ಬದುಕಬೇಕಿತ್ತು?"

"ಅಷ್ಟು ದೊಡ್ಡ ಮನಸ್ಸು ಯಾಕ ಬೇಕಿತ್ರಿ ನಿಮಗ?"

"ದೊಡ್ಡ ಮನಸ್ಸಲ್ಲ ತಂಗಿ," ಎಂದರು. ಧ್ವನಿ ಒಮ್ಮೆಲೇ ಬಿರುಸಾಯಿತು. "ಮಂದಿ ಮುಂದ ಬ್ಯಾಡ, ನಿಮ್ಮ ಕಾಕಾ ನನ್ನ ಮುಂದರೆ ಬಂದು ಹೇಳ್ತಾನ ಅಂತ ತಿಳಿದಿದ್ದೆ. ಇವತ್ತ ಬಂದಾನು, ನಾಳಿ ಬಂದಾನು ಅಂತ ದಾರಿ ನೋಡಿದೆ. ಮಾಸ್ತರ, ನನ್ನ ಕೈಯಿಂದ ತಪ್ಪಾತು ಅಂದಿದ್ರ ಇಷ್ಟ ಸಾಕಿತ್ತು ನನಗ. ಖಾನಾಪುರ ಎಷ್ಟು ದೂರ ಐತಿ ಹೇಳು?" ಆರಿದ ಚಹಾ ಕುಡಿದು ಕಪ್ಪು ಕೆಳಗಿಟ್ಟು ಸಮಾಧಾನದಿಂದ ಹೇಳಿದರು: "ನೀನೂ ಕಾಕುಗ ಹೇಳಬ್ಯಾಡ. ಇಷ್ಟ ದಿನ ತಡದೀನಿ, ಅದು ಹಾಳಾಗೂದು ಬ್ಯಾಡ."

ಅವರ ಮಾತನ್ನು ನಡೆಸಿಕೊಟ್ಟೆ. ಕಾಕಾನ ಜೊತೆ ಮಾತು ಬಿಟ್ಟೆ. ಕಾಕಾನಿಗೆ ಅದರಿಂದ ಏನೂ ನಷ್ಟವಾಗಲಿಲ್ಲ. ಅವನು ಓಣಿಯ ಹಿರಿಯನಾದ, ಎಲ್ಲ ಪಂಚಾಯ್ತಿಗೂ ಅವನೇ ಬೇಕಾದ.

ಈ ವರ್ಷ ಮಳೆಗಾಲದ ಕೊನೆಗೆ ಮಾಸ್ತರ ಹೋದರು. ಮಧ್ಯಾಹ್ನ ಊಟ ಮಾಡಿ ಅಡ್ಡಾದವರು ಏಳಲಿಲ್ಲ. ಅವರಲ್ಲಿ ಈಸು ಕಲಿತ ಯಾರೋ ಸುದ್ದಿಯನ್ನು ಓಣಿಯ ಮೊಬೈಲ್ ಗುಂಪಿಗೆ ಹಾಕಿದ್ದರು. ನೋಡಿದರೆ ವಡಗಾವಿಯಿಂದ ಒಂದು ಟ್ರ್ಯಾಕ್ಸ್ ಗಾಡಿಯ ತುಂಬ ಮಂದಿ ಮಣ್ಣಿಗೆ ಬಂದಿಳಿದರು. ಮುಂದೆ ಕಾಕಾ, ಕೈಯಲ್ಲಿ ಸೇವಂತಿಗೆಯ ದೊಡ್ಡ ಹಾರ. ಹಿಂದೆ ಕಾಕು. ಓಣಿಯ ಬಾಯಿಗೆ ಬ್ಯಾನರ್ ಕೂಡ ಹಾಕಿಸಿದ್ದಾನೆಂದು ಯಾರೋ ಫೋನಿನಲ್ಲಿ ತೋರಿಸಿದರು. ಭಾವಪೂರ್ಣ ಶ್ರದ್ಧಾಂಜಲಿ. ಮೂಲೆಯಲ್ಲಿ ಮಾಸ್ತರರ ಮಸುಕು ಫೋಟೊ, ನಡುವೆ ಕೈಮುಗಿದು ನಿಂತ ಕಾಕಾನದು.

ಮಣ್ಣು ಕೊಡುವ ಮೊದಲು ನಾಲ್ಕು ಮಾತಾಡಿರೆಂದು ಯಾರೋ ಕಾಕಾನನ್ನೇ ಮುಂದೆ ತಂದರು. ಗಂಟಲು ಸರಿಮಾಡಿಕೊಂಡು ಹೇಳಿದ: "ನಮ್ಮ ಓಣಿಯ ಮಕ್ಕಳಿಗೆಲ್ಲ ಈಸು ಕಲಿಸಿದ ಪುಣ್ಯಾತ್ಮ. ಒಂದು ಕೆಟ್ಟ ಗಳಿಗೆ ಬಂತು, ಕೈ ತಪ್ಪಿತು. ನಾವು ಅದನ್ನೆಲ್ಲ ಮರೆತು ಎಂದೋ ಕ್ಷಮಿಸಿದ್ದೇವೆ."

ನಾನು ಸುಮ್ಮನಿರಲಿಲ್ಲ. "ಯಾರು ಯಾರನ್ನ ಕ್ಷಮಾ ಮಾಡಿದ್ರಿ ಕಾಕಾ?" ಎಂದೆ, ಎಲ್ಲರಿಗೂ ಕೇಳುವ ಹಾಗೆ. ಕಾಕಾ ನನ್ನ ಕಡೆ ನೋಡಲಿಲ್ಲ. ಹಾರದಿಂದ ಉದುರಿದ ಎಸಳುಗಳನ್ನು ಆರಿಸತೊಡಗಿದ. ಹೆಣದ ಮುಂದೆ ಮನೆಯ ಜಗಳ ಬೇಡ ಎಂದು ಹಿರಿಯರು ನನ್ನನ್ನೇ ಗದರಿದರು. ಕಾಕು ಬಂದು ನನ್ನ ರಟ್ಟೆ ಹಿಡಿದು ಹುಣಿಸೆಮರದ ಕೆಳಗೆ ಕರೆದೊಯ್ದಳು.

"ನನಗ ಗೊತ್ತೈತಿ," ಎಂದಳು.

ಹಿಂದೆ ಯಾರಾದರೂ ಬಂದರೇ ಎಂದು ತಿರುಗಿ ನೋಡಿ ಅವಳೇ ಹೇಳಿದಳು. "ಮೂರನೇ ದಿನದ ಕಾರ್ಯಕ್ಕ ಜ್ವಾಳ ತಗ್ಯಾಕ ಹೋದ್ನಿ. ಮೂರೂ ಬಿಲ್ಲಿ ಜ್ವಾಳದ ಡಬ್ಬ್ಯಾಗ ಹುಗಿದಿದ್ದುವು. ಅವತ್ತ ಗೊತ್ತಾತು."

"ಅವತ್ತಿಂದ?"

"ಕೇಳಿದ್ರ ಮಗ ಬರ್ತಿದ್ದೇನ? ತವರಾಗ ಯಾರೂ ಇದ್ದಿಲ್ಲ. ಇರೂ ಮನಿ ಒಂದ."

"ಒಂದ್ಸಲ ಇಲ್ಲಿಗೆ ಬರಬೇಕಿತ್ತು ಕಾಕು. ಇವರ ಮುಂದ ಒಂದ್ಸಲ ನಿಂತಿದ್ರ ಸಾಕಿತ್ತು."

"ಯಾವ ಮಾರಿ ತಗೊಂಡ ಬರ್ಲಿ?" ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅತ್ತಳು. ನನಗೆ ಅವಳ ಬೆನ್ನು ಸವರಬೇಕೆನಿಸಲಿಲ್ಲ. ಸುಳ್ಳು ಯಾಕೆ ಹೇಳಲಿ, ಇಂದಿಗೂ ಅನಿಸಿಲ್ಲ.

ನಾನು ಇಂದಿಗೂ ನೀರಿಗೆ ಹೆದರುವುದಿಲ್ಲ, ನನ್ನ ಮಗಳೂ ಹೆದರುವುದಿಲ್ಲ. ಅದು ಆ ಮನುಷ್ಯ ಕೊಟ್ಟದ್ದು. ಅದಕ್ಕೆ ಪ್ರತಿಯಾಗಿ ನಮ್ಮ ಮನೆ ಅವರಿಗೆ ಏನು ಕೊಟ್ಟಿತು ಎಂಬುದನ್ನು ಮೇಲೆ ಬರೆದಿದ್ದೇನೆ. ಹೋಗುವ ಹಿಂದಿನ ವಾರ ಗುಳಿಗೆಗೆ ಬಂದಾಗಲೂ ಅವರು ಕಾಕುವನ್ನು ಕೇಳಿದ್ದರು. ಆರಾಮ ಅದಾಳ್ರಿ ಎಂದಿದ್ದೆ. "ಹಂಗಾರ ಆತು ಬಿಡು," ಎಂದು ಚೀಲ ಹೆಗಲಿಗೇರಿಸಿದ್ದರು. ತಾವು ಬಾಯಿ ಕಟ್ಟಿಕೊಂಡಿದ್ದರಿಂದ ಒಬ್ಬ ಹೆಂಗಸು ಸತ್ಯ ತಿಳಿಯದೆ ನೆಮ್ಮದಿಯಿಂದ ಬಾಳಿದಳು ಎಂದೇ ಅವರು ನಂಬಿ ಹೋದರು. ಅವರ ಹೆಸರು, ಅವರ ಓಣಿ, ಅವರ ನೀರು, ಎಲ್ಲವನ್ನೂ ನಮ್ಮ ಮನೆಯವರು ಕಿತ್ತುಕೊಂಡರು. ಆ ನಂಬಿಕೆಯೊಂದು ಮಾತ್ರ ಅವರಿಗೆ ಉಳಿಯಿತು, ಅದೂ ಅವರ ಹತ್ತಿರ ಇದೆಯೆಂದು ನಮ್ಮವರಿಗೆ ಗೊತ್ತಿಲ್ಲದ್ದಕ್ಕೆ.